ಉಬುಂಟುವಿನಲ್ಲಿ ಸಿ, ಪೈಥಾನ್, ಆರ್ಡುಯಿನೊ ಹಾಕಿದವರು ನಿಮ್ಮ ಅನುಭವ ಹೇಳಿ

ಕೇಳಿದವರು, ತುಮಕೂರು:
ಮಗಳು ಡಿಪ್ಲೊಮಾ ಸೇರಿದ್ದಾಳೆ. ಮನೆಯಲ್ಲಿರುವುದು ಹಳೇ ಡೆಸ್ಕ್‌ಟಾಪ್, 4 ಜಿಬಿ ರ‍್ಯಾಮ್, ಉಬುಂಟು 24.04 ಲಿನಕ್ಸ್. ಪೈಥಾನ್ ಪ್ಯಾಕೇಜ್ ಇಳಿಸುವ ಪಿಪ್‌ನಿಂದ ಗಣಿತದ ಲೈಬ್ರರಿ ನಮ್‌ಪೈ ಹಾಕಲು ಹೋದರೆ ‘ಎಕ್ಸ್‌ಟರ್ನಲಿ ಮ್ಯಾನೇಜ್ಡ್’ ಅಂತ ಎರರ್ ಬರುತ್ತಿದೆ. ಸಾಫ್ಟ್‌ವೇರ್ ಹಾಕಲು ಎಪಿಟಿ, ಸ್ನ್ಯಾಪ್, ಫ್ಲಾಟ್‌ಪ್ಯಾಕ್ ಅಂತ ದಾರಿಗಳಿವೆ, ಯಾವುದು ಒಳ್ಳೆಯದು? ಮಾಡಿ ನೋಡಿದವರು ಹೇಳಿ.

ಹಾಸನದ ಮೇಷ್ಟ್ರು:
ಎಪಿಟಿ ಬಿಟ್ಟು ಬೇರೆ ಕಡೆ ಹೋಗಲೇಬೇಡಿ. ನಮ್ಮಲ್ಲಿ 2019ರಿಂದ ಎಲ್ಲವೂ ಅದರಿಂದಲೇ. ಬಿಲ್ಡ್-ಎಸೆನ್ಶಿಯಲ್ ಹಾಕಿದರೆ ಸಿ ಕಂಪೈಲರ್ ಜಿಸಿಸಿ, ಬಿಲ್ಡ್ ಮಾಡುವ ಮೇಕ್ ಎರಡೂ ಬಂದವು. ಕೋಡ್ ಬರೆಯುವ ಎಡಿಟರ್‌ಗೆ ಜೀನಿ ಸಾಕು. ನಮ್‌ಪೈ ಕೂಡ ಅಲ್ಲೇ ಸಿಗುತ್ತೆ. ಸಾಫ್ಟ್‌ವೇರ್‌ಗೆ ಒಂದು ರೂಪಾಯಿ ಖರ್ಚಿಲ್ಲ. ಆದದ್ದೆಲ್ಲ ಯಂತ್ರಕ್ಕೆ: 240 ಜಿಬಿ ಎಸ್‌ಎಸ್‌ಡಿ 1,650, ಸೆಕೆಂಡ್ ಹ್ಯಾಂಡ್ ಡಿಡಿಆರ್3 ರ‍್ಯಾಮ್ 700, ಸಾಟಾ ಕೇಬಲ್ 80. ಸ್ಕ್ರೂ ಬಿಗಿ ಮಾಡಿದ್ದಕ್ಕೆ 300 ಕೂಲಿ! ಅದಕ್ಕೆ ಇನ್ನೂ ಹೊಟ್ಟೆ ಉರಿಯುತ್ತೆ.

ಬೆಂಗಳೂರು, ಕೆಲಸ ಪೈಥಾನ್‌ನಲ್ಲೇ:
ಮೇಷ್ಟ್ರೇ, ಎಪಿಟಿಯಲ್ಲಿ ಬರೋದು ಹಳೇ ವರ್ಷನ್. ಆ ಎರರ್, ಸಿಸ್ಟಮ್‌ನ ಪೈಥಾನ್ ಕೆಡದಿರಲಿ ಅಂತ ಬೇಕೆಂದೇ ಇಟ್ಟಿರುವ ತಡೆ. ಪೆಪ್ 668 ಅನ್ನೋ ಪೈಥಾನ್ ನಿಯಮ, ಉಬುಂಟುವಿನಲ್ಲಿ 23.04ರಿಂದ, ಅದರ ಮೂಲವಾದ ಡೆಬಿಯನ್‌ನಲ್ಲಿ 12ರಿಂದ ಇದೆ. ನಾನು ಪ್ರತಿ ಪ್ರಾಜೆಕ್ಟ್‌ಗೂ ಬೇರೆ ವರ್ಚುವಲ್ ಎನ್ವಿರಾನ್‌ಮೆಂಟ್ (ಸಿಸ್ಟಮ್‌ಗೆ ತಾಗದ ಪ್ರತ್ಯೇಕ ಪೈಥಾನ್ ಫೋಲ್ಡರ್) ಮಾಡ್ತೀನಿ, ಅದರೊಳಗೆ ಪಿಪ್ ಸಲೀಸಾಗಿ ಓಡುತ್ತೆ. ಎಡಿಟರ್ ಸ್ನ್ಯಾಪ್‌ನಿಂದ ಹಾಕಿದ್ದೀನಿ, ಅಪ್‌ಡೇಟ್ ತಾನೇ ಆಗುತ್ತೆ.

ದಾವಣಗೆರೆ, ಇಬ್ಬರು ಮಕ್ಕಳ ತಾಯಿ:
ಆ ತಡೆ ನಮ್ಮ ಕಾಲಕ್ಕೆ ಇರಲಿಲ್ಲ. ಆಗ 20.04. ಮಗನಿಗೆ ಹೊಸ ಪೈಥಾನ್ ಬೇಕು ಅಂತ ಒಂದು ರಿಪೇರಿ ಅಂಗಡಿಗೆ ಕೊಟ್ಟೆವು. ಆತ ‘ಪೈಥಾನ್3’ ಅನ್ನೋ ಲಿಂಕನ್ನೇ, ಅಂದ್ರೆ ಸಿಸ್ಟಮ್ ಯಾವ ಪೈಥಾನ್ ಬಳಸಬೇಕು ಅಂತ ತೋರಿಸೋದನ್ನೇ, ಹೊಸದಕ್ಕೆ ತಿರುಗಿಸಿಬಿಟ್ಟ. ಮನೆಗೆ ತಂದರೆ ಟರ್ಮಿನಲ್ಲೇ ತೆರೆಯಲ್ಲ! ಅದನ್ನು ಶುರು ಮಾಡೋದೇ ಒಂದು ಪೈಥಾನ್ ಸ್ಕ್ರಿಪ್ಟ್ ಅಂತೆ. ವಾಪಸ್ ಕೊಟ್ಟರೆ ಹಳೇ ಪೈಥಾನ್ ತೆಗೆದ. ಅದರ ಜೊತೆ ಡೆಸ್ಕ್‌ಟಾಪೂ ಕಿತ್ತುಹೋಗಿ ಬರೀ ಕಪ್ಪು ಪರದೆ. ಕೊನೆಗೆ ನಮ್ಮನ್ನು ಕೇಳದೆ ಫಾರ್ಮ್ಯಾಟ್. ಅಂಗಡಿಗೆ 800, ಆಟೋಗೆ 240, ಅತ್ತೆಯ ಷಷ್ಟ್ಯಬ್ದಿ ಫೋಟೊಗಳೆಲ್ಲ ಹೋದವು. ಟರ್ಮಿನಲ್ ತೆರೆಯದಾಗಲೇ ಕಂಟ್ರೋಲ್-ಆಲ್ಟ್-ಎಫ್3 ಒತ್ತಿ ಲಾಗಿನ್ ಆಗಿ ಆ ಲಿಂಕ್ ಸರಿಮಾಡಿದ್ದರೆ ಮುಗೀತಿತ್ತು. ಸಿಸ್ಟಮ್ ಪೈಥಾನ್ ಮುಟ್ಟೋಕೆ ಯಾರಿಗೂ ಬಿಡಬೇಡಿ.

ಶಿವಮೊಗ್ಗ:
ಸ್ನ್ಯಾಪ್ ಎಡಿಟರ್‌ನಲ್ಲಿ ನನಗೆ ಕನ್ನಡ ಟೈಪ್ ಆಗಲೇ ಇಲ್ಲ. ಭಾಷೆ ಬದಲಿಸುವ ಐಬಸ್‌ನಲ್ಲಿ ಕೆಜಿಪಿ (ನುಡಿಯ) ಕೀಲಿಮಣೆ ಬೇರೆ ಎಲ್ಲ ಕಡೆ ಸರಿ ಇತ್ತು. ಅದೇ ಎಡಿಟರ್‌ನ ಡೆಬ್ (ಎಪಿಟಿ ಬಳಸುವ ಪ್ಯಾಕೇಜ್) ಫೈಲ್ ಹಾಕಿದ ಮೇಲೆ ಬಂತು. ಫ್ಲಾಟ್‌ಪ್ಯಾಕೂ ನೋಡಿದೆ. ಅದರೊಳಗಿನ ಟರ್ಮಿನಲ್‌ಗೆ ನಮ್ಮ ಜಿಸಿಸಿ ಕಾಣಲ್ಲ, ಪ್ರತಿ ಸಲ ಹೊರಗಿನಿಂದ ಕರೆಯಬೇಕು. ದಿನಕ್ಕೆ ಒಂದೂವರೆ ಜಿಬಿ ಡೇಟಾದಲ್ಲಿ ಇದನ್ನೆಲ್ಲ ಇಳಿಸಿಕೊಂಡಿದ್ದು.

ಬೆಂಗಳೂರು:
ಕೋಡ್ ಬರೆಯೋಕೆ ಕನ್ನಡ ಯಾಕೆ ಬೇಕು? ಸುಮ್ನೆ ಗೊಂದಲ ಮಾಡಬೇಡಿ.

ಶಿವಮೊಗ್ಗ:
ಗೊಂದಲ ನಿಮಗೆ, ನನ್ನ ಮಕ್ಕಳಿಗಲ್ಲ. ಪೈಥಾನ್ 3ರಲ್ಲಿ ವೇರಿಯಬಲ್ ಹೆಸರನ್ನೇ ಕನ್ನಡದಲ್ಲಿ ಇಡಬಹುದು. ‘ಮೊತ್ತ = 10’ ಅಂತ ಬರೆದು ನೋಡಿ, ಓಡುತ್ತೆ. ಆರನೇ ಕ್ಲಾಸಿನ ಹುಡುಗಿಗೆ ಲೂಪ್ ಅರ್ಥವಾಗಿದ್ದು ಹಾಗೆ ಬರೆದಾಗಲೇ. ಕಣ್ಣಿಗೆ ಕಾಣದ ಜೀರೊ ವಿಡ್ತ್ ಅಕ್ಷರ ಹೆಸರಿನ ಮಧ್ಯೆ ಸೇರಿದರೆ ಮಾತ್ರ ಎರರ್ ಕೊಡುತ್ತೆ.

ಹಾಸನದ ಮೇಷ್ಟ್ರು:
ಶಿವಮೊಗ್ಗದವರು ಹೇಳಿದ್ದು ಸರಿ. ಆದರೆ ಮಕ್ಕಳಿಗೆ ಕೆಜಿಪಿ ಬೇಡ, ಇನ್‌ಸ್ಕ್ರಿಪ್ಟ್ ಕೀಲಿಮಣೆ ಕಲಿಸಿ.

ಶಿವಮೊಗ್ಗ:
ನುಡಿಯಲ್ಲಿ ಕೈ ಕೂತವರು ಯಾಕೆ ಬದಲಾಯಿಸಬೇಕು ಸರ್? ಎರಡೂ ಎಂ17ಎನ್ ಅನ್ನೋ ಕೀಲಿಮಣೆ ಸಂಗ್ರಹದಲ್ಲೇ ಇವೆ.

ಧಾರವಾಡ, ಲ್ಯಾಬ್ ನೋಡಿಕೊಳ್ಳುವವರು:
ಪ್ರೋಗ್ರಾಂ ಹಾಕಿ ನಡೆಸುವ ಚಿಕ್ಕ ಬೋರ್ಡ್ ಆರ್ಡುಯಿನೊ ಬಗ್ಗೆ ಒಬ್ಬರೂ ಹೇಳಲಿಲ್ಲ! ಯೂಸರನ್ನು ಡಯಲ್‌ಔಟ್ (ಬೋರ್ಡಿನ ಪೋರ್ಟ್ ಬಳಸಲು ಅನುಮತಿ ಇರುವ) ಗುಂಪಿಗೆ ಸೇರಿಸಿ, ಲಾಗ್‌ಔಟ್ ಆಗಿ ಬನ್ನಿ. ನಮ್ಮ 22.04 ಯಂತ್ರಗಳಲ್ಲಿ ಆಮೇಲೂ ಬೋರ್ಡ್ ಕಾಣಲಿಲ್ಲ. ಬೋರ್ಡ್ ಕೆಟ್ಟಿದೆ ಅಂತ 450 ರೂಪಾಯಿಯಂತೆ ಆರು ಹೊಸದು ತರಿಸಿದರು. ಅವೂ ಅಷ್ಟೇ. ಡಿಮೆಸ್‌ಜಿ (ಸಿಸ್ಟಮ್‌ನ ಸಂದೇಶಗಳ ಪಟ್ಟಿ) ತೆಗೆದು ನೋಡಿದರೆ, ಬೋರ್ಡಿನ ಯುಎಸ್‌ಬಿ ಚಿಪ್ ಸಿಎಚ್340 ಸಿಕ್ಕ ತಕ್ಷಣ ಬಿಆರ್‌ಎಲ್‌ಟಿಟಿವೈ ಅನ್ನೋ ಪ್ರೋಗ್ರಾಂ ಅದನ್ನು ಕಿತ್ತುಕೊಳ್ಳುತ್ತಿತ್ತು. ಅದನ್ನು ಅನ್‌ಇನ್‌ಸ್ಟಾಲ್ ಮಾಡಿ ಬಿಸಾಕಿ.

ಮೈಸೂರು:
ಬಿಸಾಕಿ ಅಂತ ಅಷ್ಟು ಸಲೀಸಾಗಿ ಹೇಳಬೇಡಿ. ನನ್ನ ತಮ್ಮನಿಗೆ ಕಣ್ಣು ಕಾಣಲ್ಲ. ಅವನು ಕೋಡ್ ಓದೋದು ಬೆರಳಿನಲ್ಲಿ, ಬ್ರೈಲ್ ಡಿಸ್‌ಪ್ಲೇ ಮೇಲೆ. ಅದನ್ನು ನಡೆಸೋದು ಇದೇ ಬಿಆರ್‌ಎಲ್‌ಟಿಟಿವೈ. ಅವನ ಕಾಲೇಜು ಲ್ಯಾಬಿನಲ್ಲಿ ಹೀಗೇ ತೆಗೆದುಹಾಕಿದ್ದರು. ಪರೀಕ್ಷೆ ದಿನ ಡಿಸ್‌ಪ್ಲೇ ಸುಮ್ಮನೆ ಕೂತಿತ್ತು.

ಧಾರವಾಡ:
ನಮ್ಮಲ್ಲಿ ಅಂಥ ವಿದ್ಯಾರ್ಥಿ ಇಲ್ಲ. ಬೋರ್ಡ್ ಓಡಬೇಕು, ಅಷ್ಟೇ.

ಮೈಸೂರು:
ಮುಂದಿನ ವರ್ಷ ಸೇರಿದರೆ? ಎರಡೂ ಓಡುತ್ತೆ ಸರ್. ಯಾವ ಸಾಧನ ಸಿಕ್ಕಿಸಿದರೆ ಏನಾಗಬೇಕು ಅಂತ ಹೇಳುವ ಯೂಡೆವ್ ರೂಲ್ಸ್‌ನಲ್ಲಿ 85-ಬಿಆರ್‌ಎಲ್‌ಟಿಟಿವೈ ಅಂತ ಫೈಲ್ ಇದೆ. ಅದನ್ನು ಇಟಿಸಿ ಕೆಳಗಿನ ಯೂಡೆವ್ ರೂಲ್ಸ್ ಫೋಲ್ಡರಿಗೆ ಅದೇ ಹೆಸರಲ್ಲಿ ಕಾಪಿ ಮಾಡಿ, ಆ ಚಿಪ್‌ನ ಗುರುತು ಸಂಖ್ಯೆ 1ಎ86 ಮತ್ತು 7523 ಇರುವ ಸಾಲಿನ ಮುಂದೆ ಹ್ಯಾಶ್ (#) ಹಾಕಿ ರೀಸ್ಟಾರ್ಟ್ ಮಾಡಿ. ಮೂಲ ಫೈಲನ್ನೇ ತಿದ್ದಿದರೆ ಅಪ್‌ಡೇಟ್ ಬಂದಾಗ ಅಳಿಸಿಹೋಗುತ್ತೆ.