ಫ್ಯಾಮಿಲಿ ಗ್ರೂಪಲ್ಲಿ ಫಿಗೆರೋವಾ ಮೋಡ

ಮೈಸೂರು ಮಾವ (ಫಾರ್ವರ್ಡ್): ಈ ಆಕಾಶ ನೋಡಿ!! ಕಂಪ್ಯೂಟರ್ ಇಲ್ಲ, ಗ್ರಾಫಿಕ್ಸ್ ಇಲ್ಲ. 1940ರ ದಶಕದಲ್ಲೇ ಮೆಕ್ಸಿಕೋದ ಸಿನಿಮಾ ಕ್ಯಾಮೆರಾಮ್ಯಾನ್ ಗೇಬ್ರಿಯಲ್ ಫಿಗೆರೋವಾ ಗಾಜಿನ ಮೇಲೆ ಕೈಯಿಂದ ಮೋಡ ಬರೆದು ಹಾಲಿವುಡ್ಡನ್ನೇ ನಡುಗಿಸಿದ. ಹತ್ತು ಜನಕ್ಕೆ ಕಳಿಸಿ 🙏

ಶಿರಸಿ ಚಿಕ್ಕಮ್ಮ: ಫೋಟೋ ಚೆನ್ನಾಗಿದೆ ಅಣ್ಣ. ಹತ್ತು ಜನಕ್ಕೆ ಮಾತ್ರ ಕಳಿಸಲ್ಲ.

ಪುಟ್ಟಿ: ಮಾವ, ಗಾಜೂ ಇಲ್ಲ ಬ್ರಷ್ಷೂ ಇಲ್ಲ. ಅದು ನಿಜವಾದ ಆಕಾಶ. ಫಿಲ್ಟರ್ ಕೆಲಸ.

ಮೈಸೂರು ಮಾವ: ಅಷ್ಟು ನನಗೂ ಗೊತ್ತಮ್ಮ. ಬರೆದವನು ನಾನಲ್ಲ, ಕಳಿಸಿದವನು ಅಷ್ಟೇ. ಕಪ್ಪು-ಬಿಳುಪು ಫಿಲಂ, ಲೆನ್ಸ್ ಮುಂದೆ ಕೆಂಪು ಫಿಲ್ಟರ್. ಆಕಾಶದ ನೀಲಿಯನ್ನು ಅದು ಒಳಗೇ ಬಿಡುವುದಿಲ್ಲ. ಆಕಾಶ ಕಪ್ಪಾಗುತ್ತದೆ, ಮೋಡ ಎದ್ದು ನಿಲ್ಲುತ್ತದೆ. ಆದರೆ ಮೂರು ಸ್ಟಾಪ್ ಬೆಳಕು, ಅಂದರೆ ಎಂಟರಲ್ಲಿ ಏಳು ಪಾಲು, ನುಂಗಿಬಿಡುತ್ತದೆ. ಅದೇ ಫಿಲ್ಟರಲ್ಲಿ ಮುಖ ತೆಗೆದರೆ ತುಟಿ ಬೆಳ್ಳಗಾಗಿ ಕಾಯಿಲೆಯವರ ತರ ಕಾಣುತ್ತಾರೆ. ತುಟಿಯ ಬಣ್ಣವನ್ನೇ ಬದಲಾಯಿಸಬೇಕು. ಇವನು ಇನ್‌ಫ್ರಾರೆಡ್ ಫಿಲ್ಟರ್ ತನಕ ಹೋಗಿದ್ದ.

ಭಾವ: ಅಂದರೆ ಇನ್‌ಸ್ಟಾಗ್ರಾಂ ಫಿಲ್ಟರ್ ಇದ್ದ ಹಾಗೆ 😄

ಮೈಸೂರು ಮಾವ: ಅಲ್ಲ ಅಳಿಯಂದಿರೇ. ನಿಮ್ಮದು ಫೋಟೋ ತೆಗೆದ ಮೇಲೆ ಹಾಕುವುದು, ಇಷ್ಟವಾಗದಿದ್ದರೆ ತೆಗೆದುಬಿಡುವುದು. ಇಲ್ಲಿ ರೀಲು ತೊಳೆದು ಬರುವ ತನಕ ಏನು ಸಿಕ್ಕಿದೆ ಅಂತ ಯಾರಿಗೂ ಗೊತ್ತಿಲ್ಲ. ಎಲ್ಲ ಮೊದಲೇ ತಲೆಯಲ್ಲಿ ಇರಬೇಕು.

ಪುಟ್ಟಿ: ಟೆಕ್ನಿಕ್ ಬಗ್ಗೆ ನನ್ನ ತಕರಾರಿಲ್ಲ. ಅದನ್ನು ಎಲ್ಲಿ ಬಳಸಿದ ಅನ್ನುವುದೇ ತಕರಾರು. ‘ಮರಿಯಾ ಕಾಂದೆಲಾರಿಯಾ’ ನೋಡಿ. 1946ರಲ್ಲಿ ಕಾನ್ ಉತ್ಸವದಲ್ಲಿ ದೊಡ್ಡ ಬಹುಮಾನ ಬಂತು. ಸೊಚಿಮಿಲ್ಕೊದಲ್ಲಿ ಹೂ ಮಾರುವ ಬಡ ಮೂಲನಿವಾಸಿ ಹುಡುಗಿಯ ಕಥೆ. ಆ ಪಾತ್ರಕ್ಕೆ ಯಾರು? ಹಾಲಿವುಡ್ಡಲ್ಲಿ ಸ್ಟಾರ್ ಆಗಿ ಮೆರೆದು ಬಂದ ದೊಲೊರೆಸ್ ದೆಲ್ ರಿಯೊ! ದೋಣಿ, ನೀರು, ಹೂವು, ಮೇಲೆ ಆ ಮೋಡ. ಬಡತನವನ್ನು ಕ್ಯಾಲೆಂಡರ್ ಮಾಡಿ ಗೋಡೆಗೆ ನೇತುಹಾಕಿದ ಹಾಗಿದೆ.

ಶಿರಸಿ ಚಿಕ್ಕಮ್ಮ: ಬಡವರು ಚೆಂದ ಕಾಣಬಾರದು ಅಂತ ಯಾವ ಊರಿನ ಕಾನೂನು?

ಪುಟ್ಟಿ: ಕಾಣಲಿ ಚಿಕ್ಕಮ್ಮ. ಆದರೆ ಅವರ ಕಷ್ಟವೂ ಚೆಂದ ಕಾಣಬೇಕಾ?

ಮೈಸೂರು ಮಾವ: ಅವನು ಕಷ್ಟ ಕಾಣದವನಲ್ಲ. 1907ರಲ್ಲಿ ಮೆಕ್ಸಿಕೋ ಸಿಟಿಯಲ್ಲಿ ಹುಟ್ಟಿದ. ಹೆರಿಗೆಯಿಂದಲೇ ತಾಯಿ ಹೋದರು. ಸಾನ್ ಕಾರ್ಲೋಸ್ ಅಕಾಡೆಮಿಯಲ್ಲಿ ಚಿತ್ರಕಲೆ, ಸಂಗೀತ ಶಾಲೆಯಲ್ಲಿ ಪಿಟೀಲು. ಮನೆಯ ಆಸ್ತಿ ಕರಗಿತು, ಎರಡೂ ಬಿಟ್ಟು ಫೋಟೋ ಸ್ಟುಡಿಯೋ ಸೇರಿದ. 1935ರಲ್ಲಿ ಹಾಲಿವುಡ್ಡಿಗೆ ಹೋಗಿ ಗ್ರೆಗ್ ಟೋಲಂಡ್ ಹತ್ತಿರ ಕಲಿತ. ಮುಂದೆ ‘ಸಿಟಿಜನ್ ಕೇನ್’ಗೆ ಕ್ಯಾಮೆರಾ ಹಿಡಿದನಲ್ಲ, ಅದೇ ಟೋಲಂಡ್. 1945ರಲ್ಲಿ ಮೆಕ್ಸಿಕೋದ ಸಿನಿಮಾ ಕಾರ್ಮಿಕರ ಯೂನಿಯನ್ ಒಡೆದಾಗ ಮುಂದೆ ನಿಂತವರಲ್ಲಿ ಇವನೂ ಒಬ್ಬ.

ಪುಟ್ಟಿ: ಯೂನಿಯನ್ ಲೀಡರ್ ಆದರೆ ಶಾಟ್ ಸರಿಯಾಗಿಬಿಡುತ್ತಾ ಮಾವ?

ಭಾವ: 🍿

ಪುಟ್ಟಿ: ‘ನಜಾರಿನ್’ ತೆಗೆಯುವಾಗಿನ ಕಥೆ ಕೇಳಿ. ಅದರ ಡೈರೆಕ್ಟರ್ ಬುನ್ಯುಯೆಲ್ ತಾನೇ ತನ್ನ ನೆನಪುಗಳಲ್ಲಿ ಬರೆದುಕೊಂಡಿದ್ದಾನೆ. ಫಿಗೆರೋವಾ ಒಂದು ಶಾಟ್ ಜೋಡಿಸಿ ಇಟ್ಟಿದ್ದ. ಹಿಂದೆ ಪೊಪೊಕಾಟೆಪೆಟ್ಲ್ ಜ್ವಾಲಾಮುಖಿ, ಅದರ ಮೇಲೆ ಇವನ ಖಾಯಂ ಬಿಳಿ ಮೋಡ. ಬುನ್ಯುಯೆಲ್ ಬಂದು ಕ್ಯಾಮೆರಾವನ್ನು ಸೀದಾ ಆಚೆಗೆ ತಿರುಗಿಸಿದ. ಆ ಕಡೆ ಏನೂ ವಿಶೇಷ ಇರಲಿಲ್ಲ. ಅದೇ ಅವನಿಗೆ ನಿಜ ಅನ್ನಿಸಿತ್ತು.

ಮೈಸೂರು ಮಾವ: ನಿನ್ನ ಕಥೆ ನನಗೇ ಸಾಕ್ಷಿ! ತಿರುಗಿಸಿದ ಮೇಲೆ ಆ ಕಡೆಯದನ್ನು ತೆಗೆದವನು ಯಾರು? ಫಿಗೆರೋವಾನೇ. ಅದಕ್ಕೂ ಮುಂಚೆ 1950ರಲ್ಲಿ ಇಬ್ಬರೂ ‘ಲೊಸ್ ಒಲ್ವಿದಾದೊಸ್’ ಮಾಡಿದ್ದರು. ಮೆಕ್ಸಿಕೋ ಸಿಟಿಯ ಕೊಳೆಗೇರಿ ಹುಡುಗರು, ಧೂಳು, ಅರ್ಧ ಕಟ್ಟಿದ ಬಿಲ್ಡಿಂಗು. ಅಲ್ಲಿ ಒಂದು ಮೋಡ ಹುಡುಕಿ ತೋರಿಸು. ನಮ್ಮ ದೇಶದ ಮಾನ ಕಳೆದರು ಅಂತ ಅಲ್ಲಿನವರು ಗಲಾಟೆ ಮಾಡಿ ಕೆಲವೇ ದಿನದಲ್ಲಿ ಥಿಯೇಟರಿಂದ ತೆಗೆಸಿದರು. ಮರುವರ್ಷ ಕಾನ್‌ನಲ್ಲಿ ಬುನ್ಯುಯೆಲ್‌ಗೆ ಬಹುಮಾನ ಬಂದ ಮೇಲೆ ಮತ್ತೆ ಹಾಕಿದರು. ಮೋಡ ಬೇಕು ಅಂದವರಿಗೆ ಮೋಡ, ಧೂಳು ಬೇಕು ಅಂದವರಿಗೆ ಧೂಳು. ಎರಡನ್ನೂ ಕೊಟ್ಟ ಕೈ ಒಂದೇ.

ಪುಟ್ಟಿ: ಹಾಗಾದರೆ ಅವನದು ಅಂತ ಏನಿತ್ತು? ‘ಮರಿಯಾ ಕಾಂದೆಲಾರಿಯಾ’ದ ಡೈರೆಕ್ಟರ್ ಎಮಿಲಿಯೊ ಫೆರ್ನಾಂದೆಸ್ ಹೇಳಿದ್ದೂ ಸರಿ, ಬುನ್ಯುಯೆಲ್ ಹೇಳಿದ್ದೂ ಸರಿ ಅಂದರೆ?

ಮೈಸೂರು ಮಾವ: 200ಕ್ಕೂ ಜಾಸ್ತಿ ಸಿನಿಮಾ ಮಾಡಿದವನು ಎಲ್ಲ ಡೈರೆಕ್ಟರ್ ಹತ್ತಿರವೂ ಜಗಳ ಆಡೋಕಾಗುತ್ತಾ? ಪೋಸ್ಟರಲ್ಲಿ ಡೈರೆಕ್ಟರ್ ಹೆಸರು, ಹೊಗಳಿಕೆ ಹೀರೋಯಿನ್‌ಗೆ. ನಮ್ಮ ಮೈಸೂರಿನ ವಿ. ಕೆ. ಮೂರ್ತಿಯವರಿಗೆ ಫಾಲ್ಕೆ ಪ್ರಶಸ್ತಿ ಬರೋಕೆ 2008ನೇ ಸಾಲಿನ ತನಕ ಕಾಯಬೇಕಾಯಿತು. ಅಲ್ಲಿಯವರೆಗೆ ಒಬ್ಬ ಕ್ಯಾಮೆರಾಮ್ಯಾನ್‌ಗೂ ಕೊಟ್ಟಿರಲಿಲ್ಲ!

ನಾನು: ಮಾವ, ಮೂರ್ತಿಯವರ ವಿಷಯ ಶುರುವಾದರೆ ರಾತ್ರಿ ಮುಗಿಯಲ್ಲ. ಮೆಕ್ಸಿಕೋದಲ್ಲೇ ಇರಿ 🙏

ಶಿರಸಿ ಚಿಕ್ಕಮ್ಮ: ನೀವು ಜಗಳ ಆಡುವಾಗ ನಾನು ಯೂಟ್ಯೂಬಲ್ಲಿ ‘ಎನಮೊರಾದಾ’ದ ಒಂದು ತುಂಡು ನೋಡಿದೆ. ರಾತ್ರಿ ಕಿಟಕಿ ಹೊರಗೆ ಹಾಡು, ಮಲಗಿದ್ದ ಹುಡುಗಿ ಕಣ್ಣು ಬಿಡುತ್ತಾಳೆ. ಸ್ಕ್ರೀನ್ ತುಂಬ ಬರೀ ಎರಡು ಕಣ್ಣು. ಒಂದು ಮಾತಿಲ್ಲ, ಆದರೆ ಅವಳ ಸಿಟ್ಟು ಇಳಿಯುತ್ತಾ ಇದೆ ಅಂತ ಗೊತ್ತಾಗುತ್ತೆ. ಯಾರೇ ಅವಳು?

ಪುಟ್ಟಿ: ಮರಿಯಾ ಫೆಲಿಕ್ಸ್. 1946ರ ಚಿತ್ರ.

ಶಿರಸಿ ಚಿಕ್ಕಮ್ಮ: ಅಲ್ಲಿ ಆಕಾಶವೂ ಇಲ್ಲ, ಮೋಡವೂ ಇಲ್ಲ. ನೀವಿಬ್ಬರೂ ಬೆಳಗಿನಿಂದ ಬರೀ ಮೋಡ ಹಿಡಿದುಕೊಂಡು ಕೂತಿದ್ದೀರಿ.

ಮೈಸೂರು ಮಾವ: ಸರಿಯಾಗಿ ಹೇಳಿದೆ! ಆ ಕಣ್ಣಿಗೆ ಬೆಳಕು ಹಾಕಿದ್ದಾನಲ್ಲ, ಅದನ್ನೇ ನಾನು ಹೇಳುತ್ತಿರುವುದು.

ಪುಟ್ಟಿ: ಬೆಳಗಿನಿಂದ ನೀವು ಹೇಳಿದ್ದು ಫಿಲ್ಟರ್ ಬಗ್ಗೆ 🙄 ಆ ಶಾಟ್ ಅದ್ಭುತ, ಒಪ್ಪುತ್ತೇನೆ. ಅವಳು ಶ್ರೀಮಂತರ ಮಗಳು, ಚೆಂದ ತೋರಿಸಲಿ. ಹೂ ಮಾರುವವಳ ವಿಷಯದಲ್ಲಿ ನನ್ನ ಮಾತು ಬದಲಾಗಲ್ಲ.

ಮೈಸೂರು ಮಾವ: ಬದಲಾಗಬೇಡ. 1964ರ ಜಾನ್ ಹ್ಯೂಸ್ಟನ್ ಚಿತ್ರಕ್ಕೆ ಅವನಿಗೆ ಆಸ್ಕರ್ ನಾಮಿನೇಷನ್ ಬಂತು, ಅವರೂ ನಿನ್ನನ್ನು ಕೇಳಲಿಲ್ಲ.

ಭಾವ: ಮಾವ 😂😂

*ಪುಟ್ಟಿ ಈ ಸಂದೇಶವನ್ನು ಅಳಿಸಿದ್ದಾರೆ*

ಶಿರಸಿ ಚಿಕ್ಕಮ್ಮ: ಏನು ಬರೆದು ಅಳಿಸಿದೆಯೇ? ಇರಲಿ. ಇವತ್ತು ರಾತ್ರಿ ಒಂದು ಪೂರ್ತಿ ನೋಡುತ್ತೇನೆ. ಯಾವುದು?

ಮೈಸೂರು ಮಾವ: ‘ಎನಮೊರಾದಾ’.

ಪುಟ್ಟಿ: ‘ಲೊಸ್ ಒಲ್ವಿದಾದೊಸ್’.

ಶಿರಸಿ ಚಿಕ್ಕಮ್ಮ: ಯಾವುದು ಚಿಕ್ಕದು?

ಪುಟ್ಟಿ: ನಂದು. ಸುಮಾರು 80 ನಿಮಿಷ.

ಮೈಸೂರು ಮಾವ: ನೋಡು, ನೋಡು. ಅದೂ ನಮ್ಮ ಫಿಗೆರೋವಾ ತೆಗೆದಿದ್ದೇ.