ಕಬ್ಬಿನ ಹೋರಾಟದಲ್ಲಿ ಪೊಲೀಸರು ಹಿಡಿದರೆ ಪೈಲಟ್ ಕೆಲಸ ಸಿಗುತ್ತಾ?

ಪ್ರಶ್ನೆ (ವಿದ್ಯಾರ್ಥಿ, ಮುಧೋಳ ತಾಲ್ಲೂಕು): ಸರ್, ನನಗೆ 22 ವರ್ಷ. ಬೆಳಗಾವಿ ಹತ್ತಿರದ ಸಾಂಬ್ರಾದಲ್ಲಿ ಪೈಲಟ್ ತರಬೇತಿ ಪಡೆಯುತ್ತಿದ್ದೇನೆ. ಲೈಸೆನ್ಸಿಗೆ ಬೇಕಾದ 200 ಗಂಟೆ ಹಾರಾಟದಲ್ಲಿ 140 ಮುಗಿದಿದೆ. ಫೀಸಿಗಾಗಿ ಅಪ್ಪ ಹೊಲದ ಮೇಲೆ ಸಾಲ ತೆಗೆದಿದ್ದಾರೆ. ರಜೆಗೆ ಊರಿಗೆ ಬಂದಾಗ ಕಬ್ಬಿನ ದರಕ್ಕಾಗಿ ರಸ್ತೆ ತಡೆ ನಡೆದಿತ್ತು. ಅಪ್ಪನ ಜೊತೆ ನಾನೂ ಕೂತಿದ್ದೆ. ಪೊಲೀಸರು ಎಲ್ಲರನ್ನೂ ವ್ಯಾನಿಗೆ ಹತ್ತಿಸಿದರು. ಕಲ್ಯಾಣ ಮಂಟಪದಲ್ಲಿ ಕೂರಿಸಿ, ಹೆಸರು ಬರೆದುಕೊಂಡು, ಸಹಿ ಹಾಕಿಸಿ ಸಂಜೆ ಬಿಟ್ಟರು. ಇನ್ನು ನನಗೆ ಏರ್‌ಲೈನ್ ಕೆಲಸ ಸಿಗುತ್ತಾ? ರಾತ್ರಿ ನಿದ್ದೆ ಬರುತ್ತಿಲ್ಲ.

ಉತ್ತರ (ವಕೀಲರು, ಬೆಳಗಾವಿ): ತಮ್ಮಾ, ಮೊದಲು ನಿನ್ನ ಮೇಲೆ ಏನಿದೆ ಅಂತ ತಿಳಿದುಕೊ. ಭಯ ಆಮೇಲೆ. ಸಂಜೆಗೆ ಬಿಟ್ಟಿದ್ದಾರೆ ಅಂದರೆ ಅದು ಬರೀ ಮುಂಜಾಗ್ರತೆಗಾಗಿ ವಶಕ್ಕೆ ಪಡೆದದ್ದೂ ಆಗಿರಬಹುದು. ಪೊಲೀಸರು, ಕೋರ್ಟು ಹೇಗೆ ನಡೆಯಬೇಕು ಅಂತ ಹೇಳುವ ಹೊಸ ಕಾನೂನು ಬಿಎನ್‌ಎಸ್‌ಎಸ್‌ನ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 170ನೇ ಕಲಂ ಅದು. ಹಾಗೆ ಹಿಡಿದವರನ್ನು 24 ಗಂಟೆಗಿಂತ ಜಾಸ್ತಿ ಇಟ್ಟುಕೊಳ್ಳುವಂತಿಲ್ಲ. ಅಷ್ಟಕ್ಕೇ ಮುಗಿದಿದ್ದರೆ ನಿನ್ನ ಮೇಲೆ ಅಪರಾಧದ ಕೇಸೇ ಇಲ್ಲ. ಆದರೆ ಎಫ್‌ಐಆರ್ ಆಗಿದ್ದರೆ ಮಾತು ಬೇರೆ. ಚಾರ್ಜ್‌ಶೀಟ್ ಕೋರ್ಟಿಗೆ ಹೋಗಿದ್ದರೆ ಇನ್ನೂ ಬೇರೆ. ರಾಜ್ಯ ಪೊಲೀಸ್ ವೆಬ್‌ಸೈಟಿನಲ್ಲಿ ಎಫ್‌ಐಆರ್ ಹುಡುಕು. ಇ-ಕೋರ್ಟ್ಸ್ ಆ್ಯಪಿನಲ್ಲಿ ನಿನ್ನ ಹೆಸರು, ಇಸವಿ ಹಾಕಿ ನೋಡು. ಸಿಗದಿದ್ದರೆ ಠಾಣೆಗೇ ಹೋಗಿ ಕೇಳು.

ಪ್ರಶ್ನೆ (ಅದೇ ವಿದ್ಯಾರ್ಥಿ, ಎರಡು ವಾರದ ನಂತರ): ಸಿಕ್ಕಿತು ಸರ್. ಬಿಎನ್‌ಎಸ್ (ಭಾರತೀಯ ನ್ಯಾಯ ಸಂಹಿತೆ, ಅಪರಾಧಗಳ ಹೊಸ ಕಾನೂನು) ಕಲಂ 189, 126, 285. ಅಪ್ಪನ ಹೆಸರೂ ಇದೆ. ಚಾರ್ಜ್‌ಶೀಟ್ ಹಾಕಿದ್ದಾರೆ, ಸಮನ್ಸ್ ಬಂದಿದೆ. ಊರಿನ ಹಿರಿಯರು, 'ತಪ್ಪಾಯಿತು ಅಂತ ಒಪ್ಪಿಕೊಂಡು ದಂಡ ಕಟ್ಟಿಬಿಡಿ, ಒಂದೇ ದಿನಕ್ಕೆ ಮುಗಿಯುತ್ತದೆ' ಅನ್ನುತ್ತಿದ್ದಾರೆ. ಕಟ್ಟಿಬಿಡಲಾ?

ಉತ್ತರ (ವಕೀಲರು): ಬೇಡ. ದಯವಿಟ್ಟು ಬೇಡ. ಹಿರಿಯರು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದಾರೆ. ತಾರೀಖಿಗೆ ಅಲೆಯುವ ಕಷ್ಟ ಅವರಿಗೆ ಗೊತ್ತು. ಆದರೆ ತಪ್ಪೊಪ್ಪಿಕೊಂಡು ದಂಡ ಕಟ್ಟಿದರೆ ಕಾನೂನಿನ ಕಣ್ಣಿನಲ್ಲಿ ನೀನು ಅಪರಾಧಿ ಅಂತ ತೀರ್ಪಾದಂತೆ. ದಂಡ ಐನೂರೇ ಇರಲಿ, ಸಾವಿರವೇ ಇರಲಿ, ತೀರ್ಪು ತೀರ್ಪೇ. 'ಯಾವುದಾದರೂ ಕೇಸಿನಲ್ಲಿ ಶಿಕ್ಷೆ ಆಗಿದೆಯೇ?' ಅಂತ ಕೇಳುವ ಪ್ರತಿ ಅರ್ಜಿಯಲ್ಲೂ ಮುಂದೆ 'ಹೌದು' ಅಂತಲೇ ಬರೆಯಬೇಕಾಗುತ್ತದೆ. ಹೀಗೆ ಕಟ್ಟಿ ಮನೆಗೆ ಹೋದ ಹುಡುಗರು ವರ್ಷಗಳ ನಂತರ ಕೆಲಸದ ಹೊತ್ತಿಗೆ ನನ್ನ ಹತ್ತಿರ ಬಂದಿದ್ದಾರೆ. ಆಗ ಅದನ್ನು ತೆಗೆಸುವುದು ತುಂಬಾ ಕಷ್ಟ.

ನಿನ್ನ ಮೇಲಿರುವುದು ಅಕ್ರಮ ಕೂಟ, ದಾರಿ ತಡೆ. ಕಲ್ಲು ತೂರಾಟ, ಬೆಂಕಿ, ಪೊಲೀಸರ ಮೇಲೆ ಕೈ ಮಾಡಿದ್ದು ಇಲ್ಲ. ಅದು ದೊಡ್ಡ ಸಮಾಧಾನ. ಇಂಥವರು ಇಂಥದ್ದು ಮಾಡಿದರು ಅಂತ ಚಾರ್ಜ್‌ಶೀಟಿನಲ್ಲಿ ಬಿಡಿಸಿ ಹೇಳದೆ ಸುಮ್ನೆ ಹೆಸರಿನ ಪಟ್ಟಿ ಕೊಟ್ಟಿದ್ದರೆ, ಕೇಸು ರದ್ದು ಮಾಡಿ ಅಂತ ಹೈಕೋರ್ಟಿಗೆ ಹೋಗಲು ಅದೇ ಒಂದು ಆಧಾರ. ಬಾಗಲಕೋಟೆ ಜಿಲ್ಲೆಯವರಿಗೆ ಧಾರವಾಡ ಪೀಠ. ಸರ್ಕಾರ ಹೋರಾಟದ ಕೇಸು ವಾಪಸ್ ಪಡೆಯುತ್ತದೆ ಅಂತ ಪೇಪರಿನಲ್ಲಿ ಬರುತ್ತದಲ್ಲ, ಅದನ್ನೇ ನಂಬಿ ಕೂರಬೇಡ. ಕೋರ್ಟ್ ಒಪ್ಪದೆ ಕೇಸು ಮುಗಿಯುವುದಿಲ್ಲ. ಅಲ್ಲಿವರೆಗೆ ಒಂದು ತಾರೀಖನ್ನೂ ತಪ್ಪಿಸಬೇಡ, ವಾರಂಟ್ ಆಗುತ್ತದೆ.

ಪಾಸ್‌ಪೋರ್ಟ್ ಬಗ್ಗೆಯೂ ಹೇಳಿಬಿಡುತ್ತೇನೆ. ಕೋರ್ಟಿನಲ್ಲಿ ಕ್ರಿಮಿನಲ್ ಕೇಸು ಬಾಕಿ ಇದ್ದರೆ 1967ರ ಪಾಸ್‌ಪೋರ್ಟ್ ಕಾಯ್ದೆಯ ಪ್ರಕಾರ ಪಾಸ್‌ಪೋರ್ಟ್ ನಿರಾಕರಿಸಬಹುದು. ಕೇಸು ನಡೆಯುವ ಕೋರ್ಟಿನಿಂದ ಅನುಮತಿ ತಂದರೆ ಕೊಡುತ್ತಾರೆ. ಆದೇಶದಲ್ಲಿ ಅವಧಿ ಬರೆದಿರದಿದ್ದರೆ 1 ವರ್ಷಕ್ಕೆ ಮಾತ್ರ ಸಿಗುತ್ತದೆ. ಹಾಗಾಗಿ ಎಷ್ಟು ವರ್ಷಕ್ಕೆ ಬೇಕು ಅಂತ ಅರ್ಜಿಯಲ್ಲೇ ಕೇಳಬೇಕು.

ಉತ್ತರ (ಏರ್‌ಲೈನ್ ಕ್ಯಾಪ್ಟನ್, ವಿಜಯಪುರದವರು): ವಕೀಲರು ಹೇಳಿದ್ದು ಸರಿ. ನಮ್ಮ ಕಡೆಯಿಂದ ಇಷ್ಟು ಸೇರಿಸುತ್ತೇನೆ. ಲೈಸೆನ್ಸ್ ಕೊಡುವುದು ಡಿಜಿಸಿಎ, ಅಂದರೆ ಕೇಂದ್ರದ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ. ಆದರೆ ವಿಮಾನ ನಿಲ್ಲುವ ಜಾಗಕ್ಕೆ ಕಾಲಿಡಲು ವಿಮಾನಯಾನ ಭದ್ರತೆ ನೋಡಿಕೊಳ್ಳುವ ಕೇಂದ್ರ ಸಂಸ್ಥೆ ಬಿಸಿಎಎಸ್ ಕೊಡುವ ಏರ್‌ಪೋರ್ಟ್ ಎಂಟ್ರಿ ಪರ್ಮಿಟ್ ಬೇಕು. ಅದಕ್ಕೆ ಹಿನ್ನೆಲೆ ತಪಾಸಣೆ ಆಗುತ್ತದೆ. ಅಂದರೆ ನೀನು ಬಚ್ಚಿಟ್ಟರೂ ಅಲ್ಲಿ ಹೊರಬರಬಹುದು. ಫಾರ್ಮಿನಲ್ಲಿ ಏನು ಕೇಳಿದ್ದಾರೆ ಅಂತ ಪದ ಪದ ಓದು. ಬಂಧನ ಬೇರೆ, ಬಾಕಿ ಕೇಸು ಬೇರೆ, ಶಿಕ್ಷೆ ಬೇರೆ. ಕೇಳಿದ್ದಕ್ಕೆ ಇದ್ದದ್ದನ್ನು ಇದ್ದ ಹಾಗೆ ಬರೆ. ಅಮೆರಿಕದ ವೀಸಾ ಅರ್ಜಿಯಲ್ಲಂತೂ 'ಎಂದಾದರೂ ಬಂಧನ ಆಗಿತ್ತೇ?' ಅಂತಲೇ ಕೇಳುತ್ತಾರೆ. ಖುಲಾಸೆ ಆಗಿದ್ದರೂ ಹೇಳಬೇಕು.

ಕೇಸು ಬಾಕಿ ಇದ್ದಾಗ ಕೆಲವು ಕಂಪನಿಗಳು ಕಾಯಿಸಬಹುದು, ಬೇಡ ಅನ್ನಲೂಬಹುದು. ಅದನ್ನು ನಿನ್ನಿಂದ ಮುಚ್ಚಿಡುವುದಿಲ್ಲ. ಆದರೆ ಸುಳ್ಳು ಬರೆದು ಸಿಕ್ಕಿಬಿದ್ದವನಿಗೆ ಆಮೇಲೆ ಬಾಗಿಲೇ ಇಲ್ಲ. ಲ್ಯಾಂಡಿಂಗ್ ಜೋರಾಗಿ ಬಿದ್ದರೆ ತಾನೇ ಬಂದು ಹೇಳುವ ಪೈಲಟ್ ನಮಗೆ ಬೇಕು. ಆಯ್ಕೆಯಲ್ಲೂ ಅದನ್ನೇ ನೋಡುತ್ತೇವೆ.

ಉತ್ತರ (ವಕೀಲರು): 2016ರಲ್ಲಿ ಅವತಾರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದೇ ಧಾಟಿಯಲ್ಲಿ ಹೇಳಿದೆ. ಅರ್ಜಿಯಲ್ಲಿ ನಿಜ ಬರೆಯಬೇಕು. ಹಾಗೆಯೇ ಚಿಕ್ಕ ವಯಸ್ಸಿನಲ್ಲಿ ಘೋಷಣೆ ಕೂಗಿದಂಥ ಸಣ್ಣ ಕೇಸನ್ನು ಮುಚ್ಚಿಟ್ಟಿದ್ದರೂ ಕೆಲಸ ಕೊಡುವವರು ಬೇಕಾದರೆ ಮನ್ನಿಸಬಹುದು. ಅದು ಸರ್ಕಾರಿ ಕೆಲಸದ ವಿಚಾರ. ಖಾಸಗಿ ಕಂಪನಿಯನ್ನು ಕಟ್ಟಿಹಾಕುವುದಿಲ್ಲ. ಆದರೂ ನಿನ್ನ ವಿವರಣೆ ಪತ್ರದ ಜೊತೆ ಇಡಲು ಒಳ್ಳೆಯ ತೀರ್ಪು.

ಪ್ರಶ್ನೆ (ವಿದ್ಯಾರ್ಥಿ): ತುಂಬಾ ಉಪಕಾರ ಆಯಿತು ಸರ್. 'ನಾನೇ ಕರೆದುಕೊಂಡು ಹೋಗಿ ನಿನ್ನ ಬದುಕು ಹಾಳು ಮಾಡಿದೆ' ಅಂತ ಅಪ್ಪ ಊಟ ಬಿಟ್ಟಿದ್ದಾರೆ.

ಉತ್ತರ (ವಕೀಲರು): ಅಪ್ಪನಿಗೆ ಇದನ್ನೆಲ್ಲ ಓದಿ ಹೇಳು. ಬೆಳೆದ ಕಬ್ಬಿಗೆ ದರ ಕೇಳಲು ಕೂತದ್ದು ತಪ್ಪಲ್ಲ. ಇಬ್ಬರ ವಕಾಲತ್ತನ್ನೂ ಒಟ್ಟಿಗೇ ಹಾಕೋಣ. ಚಾರ್ಜ್‌ಶೀಟಿನ ಪ್ರತಿ ತೆಗೆದುಕೊಂಡು ಸೋಮವಾರ ಅವರನ್ನೂ ಕರೆದುಕೊಂಡು ಬಾ. ಬರುವ ಮುಂಚೆ ಅವರಿಗೆ ಊಟ ಮಾಡಿಸು.