ತೋಟಕ್ಕೆ ಮುಧೋಳ ನಾಯಿ ಆಗುತ್ತಾ? ಮರಿ ಯಾರ ಹತ್ತಿರ ತರಬೇಕು?

ತಿಪಟೂರು ತೋಟ:
ನಮ್ಮದು ನಾಲ್ಕು ಎಕರೆ ತೆಂಗಿನ ತೋಟ, ಮನೆಯೂ ಅಲ್ಲೇ. ಹಂದಿ ಕಾಟ ಇದೆ, ರಾತ್ರಿ ಕಾಯಿ ಕಳ್ಳರೂ ಬರುತ್ತಾರೆ. ಬೇಟೆ ತಳಿಯ ನಾಯಿ ಸಾಕುವ ಆಸೆ. ಓಡಬೇಕು, ವಾಸನೆ ಹಿಡಿಯಬೇಕು, ಕಾವಲಿಗೂ ಆಗಬೇಕು, ಮಕ್ಕಳ ಜೊತೆ ಹೊಂದಿಕೊಳ್ಳಬೇಕು. ಮುಧೋಳ ತರೋಣ ಅಂತಿದ್ದೇನೆ. ಒಬ್ಬರು ಫೋನಿಗೆ ಮರಿಯ ಫೋಟೊ ಕಳಿಸಿದ್ದಾರೆ. ಐದು ವಾರದ ಮರಿಯಂತೆ. ಇವತ್ತೇ ಅಡ್ವಾನ್ಸ್ ಹಾಕಿದರೆ ಬಸ್ಸಿಗೆ ಹಾಕಿ ಕಳಿಸುತ್ತಾರಂತೆ. ತಗೋಬಹುದಾ?

ಲೋಕಾಪುರ ರೈತ:
ದಯವಿಟ್ಟು ದುಡ್ಡು ಹಾಕಬೇಡಿ. ನಾನು ಮುಧೋಳ ತಾಲ್ಲೂಕಿನವನೇ, ಅಜ್ಜನ ಕಾಲದಿಂದ ನಮ್ಮ ಮನೆಯಲ್ಲಿ ಈ ನಾಯಿಗಳಿವೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇದು ಕಣ್ಣಿನ ನಾಯಿ, ವಾಸನೆಯ ನಾಯಿ ಅಲ್ಲ. ಬಯಲಲ್ಲಿ ಮೊಲ ಎದ್ದರೆ ಅದರ ಮೇಲೆ ಕಣ್ಣು ನೆಟ್ಟು ಓಡುವುದಕ್ಕೆ ಹುಟ್ಟಿದ್ದು. ಉದ್ದ ಕಾಲು, ಆಳದ ಎದೆ, ಒಳಕ್ಕೆ ಸೇದಿದ ಹೊಟ್ಟೆ, ಎಲ್ಲ ಆ ಓಟಕ್ಕಾಗಿಯೇ. ತೆಂಗಿನ ಮರಗಳ ನಡುವೆ ಆ ಓಟಕ್ಕೆ ಜಾಗ ಸಾಲದು. ಹಂದಿ ಮೇಲೆ ಬಿಡುವ ಯೋಚನೆ ಇದ್ದರಂತೂ ಬೇಡವೇ ಬೇಡ. ಇದರ ಚರ್ಮ ತೆಳು. ಕೋರೆ ತಾಗಿದರೆ ಸೀಳಿಹೋಗುತ್ತದೆ.

ಬೆಂಗಳೂರು ಶ್ವಾನಪ್ರಿಯ:
ನಾನು ಒಪ್ಪುವುದಿಲ್ಲ. 2016ರಲ್ಲಿ ಸೇನೆಯವರು ಮುಧೋಳ ಮರಿಗಳನ್ನು ತರಬೇತಿಗೆ ಮೀರತ್‌ಗೆ ಕರೆದುಕೊಂಡು ಹೋದರು. ವಾಸನೆ ಕೆಲಸಕ್ಕೆ ಬಾರದ ನಾಯಿಯನ್ನು ಸೇನೆ ಯಾಕೆ ಮುಟ್ಟುತ್ತದೆ? ನಮ್ಮ ನಾಯಿಯನ್ನು ನಾವೇ ಕಡಿಮೆ ಮಾಡಿ ಮಾತಾಡಬಾರದು. 2005ರಲ್ಲಿ ಮುಧೋಳ ನಾಯಿಯ ಅಂಚೆ ಚೀಟಿ ಬಂದಾಗ ನಮಗೆಷ್ಟು ಹೆಮ್ಮೆಯಾಗಿತ್ತು!

ಪಶುವೈದ್ಯೆ, ಧಾರವಾಡ:
ಹೆಮ್ಮೆ ನನಗೂ ಇದೆ. ಆದರೆ ಸೇನೆಯಲ್ಲಿ ಪ್ರತಿ ನಾಯಿಗೂ ಒಬ್ಬ ತರಬೇತುದಾರ ದಿನವಿಡೀ ಜೊತೆಗಿರುತ್ತಾನೆ. ತೋಟದ ಮನೆಯಲ್ಲಿ ಅದು ಆಗುತ್ತಾ?

ಕಾನೂನಿನ ಮಾತನ್ನೂ ಹೇಳಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬೇಟೆ ಅಂದರೆ ಕೊಲ್ಲುವುದು ಮಾತ್ರ ಅಲ್ಲ. ಕಾಡುಪ್ರಾಣಿಯನ್ನು ಅಟ್ಟಿಸಿಕೊಂಡು ಹೋಗುವುದೂ ಅದರಲ್ಲಿ ಸೇರುತ್ತದೆ. ತಿಪಟೂರಿನವರೇ, ನಿಮ್ಮ ಕಡೆ ನವಿಲು ಜಾಸ್ತಿ ಅಲ್ವಾ? ಬೇಲಿ ಇಲ್ಲದ ತೋಟದಲ್ಲಿ ಮುಧೋಳ ಬಿಟ್ಟರೆ ನವಿಲಿನ ಹಿಂದೆ ಓಡದೆ ಇರುವುದಿಲ್ಲ. ಓಡುವಾಗ ನೀವು ಎಷ್ಟು ಕೂಗಿದರೂ ಅದರ ಕಿವಿಗೆ ಬೀಳುವುದಿಲ್ಲ. ಆರಡಿ ಬೇಲಿ ಮೊದಲು, ನಾಯಿ ಆಮೇಲೆ.

ಮಿನ್ನೆಸೋಟ ಕನ್ನಡಿಗ:
ನೀವು ಕೇಳುತ್ತಿರುವ, ಎಲ್ಲ ಕೆಲಸಕ್ಕೂ ಒಂದೇ ಬೇಟೆ ನಾಯಿ ಅನ್ನುವುದು ಜರ್ಮನಿ ಕಡೆ ಬೆಳೆದು ಬಂದ ಯೋಚನೆ. ನನ್ನ ಹತ್ತಿರ ಜರ್ಮನ್ ಶಾರ್ಟ್‌ಹೇರ್ಡ್ ಪಾಯಿಂಟರ್ ಇದೆ. ಇಲ್ಲಿ ಲೈಸೆನ್ಸ್ ಮಾಡಿಸಿ ಫೆಸೆಂಟ್ ಹಕ್ಕಿಯ ಬೇಟೆಗೆ ಹೋಗುತ್ತೇನೆ. ಹಕ್ಕಿಯ ಸುಳಿವು ಸಿಕ್ಕರೆ ನಿಂತು ತೋರಿಸುತ್ತದೆ, ಬಿದ್ದಿದ್ದನ್ನು ಹುಡುಕುತ್ತದೆ, ನೀರಿಗಿಳಿದು ತರುತ್ತದೆ.

ಆದರೆ ನಾನು ಹೇಳಬೇಕೆಂದಿರುವುದು ಮರಿ ತಂದ ರೀತಿ. 1969ರಲ್ಲಿ ಶುರುವಾದ ನಾವ್ಡಾ ಅನ್ನುವ ಸಂಘ ಇಲ್ಲಿದೆ. ಅವರು ಎಳೆಯ ನಾಯಿಗಳ ಮೂಗು, ಹುಡುಕಾಟ, ಜಾಡು ಹಿಡಿಯುವುದು, ನೀರಿಗಿಳಿಯುವ ಧೈರ್ಯ, ಎಲ್ಲವನ್ನೂ ಹೊಲದಲ್ಲೇ ಪರೀಕ್ಷೆ ಮಾಡಿ ಅಂಕ ಕೊಡುತ್ತಾರೆ. ನಾನು ನೋಡಿದ್ದು ಮರಿಯ ಅಪ್ಪ ಅಮ್ಮನ ಅಂಕ ಮತ್ತು ಅವುಗಳ ಸೊಂಟದ ಎಕ್ಸ್‌ರೇ ವರದಿ. ಮರಿಗೆ ಹತ್ತು ತಿಂಗಳು ಕಾದೆ. ನಾನು ಕೇಳಿದ್ದಕ್ಕಿಂತ ಬ್ರೀಡರ್ ನನ್ನನ್ನು ಕೇಳಿದ್ದೇ ಜಾಸ್ತಿ. ಯಾವಾಗಲಾದರೂ ಸಾಕಲು ಆಗದಿದ್ದರೆ ನಾಯಿಯನ್ನು ಅವರಿಗೇ ವಾಪಸ್ ಕೊಡಬೇಕು ಅಂತ ಬರೆಸಿಕೊಂಡರು. ಅವತ್ತೇ ನನಗೆ ಅವರ ಮೇಲೆ ನಂಬಿಕೆ ಬಂತು.

ಲೋಕಾಪುರ ರೈತ:
ನಮ್ಮ ಹಳ್ಳಿಗಳಲ್ಲಿ ಎಕ್ಸ್‌ರೇ, ಅಂಕ ಇಲ್ಲ ಸರ್. ಆದರೆ ತಾಯಿ ಯಾವುದು, ಅದರ ತಾಯಿ ಯಾವುದು ಅಂತ ಕೇಳಿದರೆ ನಮ್ಮಪ್ಪ ಬಾಯಲ್ಲೇ ಹೇಳುತ್ತಾರೆ. ಕಾಗದ ಇಲ್ಲ ಅಂತ ನಮ್ಮನ್ನು ಕಳ್ಳರ ಸಾಲಿಗೆ ಸೇರಿಸಬೇಡಿ. ಮುಧೋಳದ ಘೋರ್ಪಡೆ ರಾಜರು ಮೆಚ್ಚಿದ ಈ ತಳಿಯನ್ನು ಆಮೇಲೆ ಉಳಿಸಿದ್ದು ಕಾಗದ ಅಲ್ಲ, ರೈತರ ಮನೆಗಳು.

ಪಶುವೈದ್ಯೆ, ಧಾರವಾಡ:
ನಿಮ್ಮ ಮಾತು ನಿಜ, ಅದನ್ನು ಗೌರವಿಸುತ್ತೇನೆ. ನನ್ನ ಭಯ ಬೇರೆ. ಓಟ ಹೆಚ್ಚಲಿ ಅಂತ ಗ್ರೇಹೌಂಡ್ ಬೆರೆಸಿ ಮುಧೋಳ ಅಂತಲೇ ಮಾರುವವರು ಇದ್ದಾರೆ. ಹೊಸಬರ ಕಣ್ಣಿಗೆ ಆ ವ್ಯತ್ಯಾಸ ಗೊತ್ತಾಗುವುದಿಲ್ಲ. 2017ರ ನಿಯಮದ ಪ್ರಕಾರ ಮರಿ ಮಾರುವವರು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿರಬೇಕು. ಎಂಟು ವಾರ ತುಂಬದ ಮರಿ ಮಾರುವ ಹಾಗೇ ಇಲ್ಲ. ಐದು ವಾರದ ಮರಿಯನ್ನು ತಾಯಿಯಿಂದ ಕಿತ್ತು ಬಸ್ಸಿಗೆ ಹಾಕುತ್ತೇನೆ ಅನ್ನುವವರ ಹತ್ತಿರ ಮುಂದೆ ಮಾತೇ ಬೇಡ. ಆ ವಯಸ್ಸಿನಲ್ಲಿ ಪಾರ್ವೊ ಅನ್ನುವ ವೈರಸ್ ರೋಗ ತಗುಲಿದರೆ ಉಳಿಸುವುದು ಬಹಳ ಕಷ್ಟ. ಅಂಥ ಎಷ್ಟೋ ಮರಿಗಳು ನನ್ನ ಮೇಜಿನ ಮೇಲೆಯೇ ಹೋಗಿವೆ. ಸಂಕಟವಾಗುತ್ತದೆ.

ಹೊಸಬರಿಗೆ ಇನ್ನೊಂದು ದಾರಿ ಇದೆ. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಬೀದರ್ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರ ಇದೆ. ಮೊದಲು ಅಲ್ಲಿ ಹೋಗಿ ವಿಚಾರಿಸಿ. ತಳಿ ನೋಂದಣಿ ಮಾಡುವ ಕೆನಲ್ ಕ್ಲಬ್ ಆಫ್ ಇಂಡಿಯಾದ ಕಾಗದದಲ್ಲಿ ಈ ತಳಿಯ ಹೆಸರು ಕಾರವಾನ್ ಹೌಂಡ್ ಅಂತ ಇರುತ್ತದೆ, ಅದನ್ನು ನೋಡಿ ಗಾಬರಿಯಾಗಬೇಡಿ.

ಬೆಂಗಳೂರು ಶ್ವಾನಪ್ರಿಯ:
ಬೇಲಿಯ ವಿಷಯ ಒಪ್ಪಿದೆ. ನವಿಲಿನ ಬಗ್ಗೆ ನಾನು ಯೋಚಿಸಿರಲಿಲ್ಲ. ಹಾಗಾದರೆ ಇವರಿಗೆ ಮುಧೋಳ ಬೇಡ ಅಂತಲಾ?

ಲೋಕಾಪುರ ರೈತ:
ಬೇಡ ಅನ್ನುವುದಿಲ್ಲ. ರಾತ್ರಿ ಸಣ್ಣ ಸದ್ದಾದರೂ ಏಳುತ್ತದೆ. ಅಪರಿಚಿತರು ಮೈ ಮುಟ್ಟುವುದು ಇದಕ್ಕೆ ಆಗದು, ಮನೆಯ ಮಕ್ಕಳ ಜೊತೆ ಮೆತ್ತಗಿರುತ್ತದೆ. ಹಂದಿಗೆ ಬೇಲಿ, ಕಳ್ಳರಿಗೆ ನಾಯಿ ಅಂತ ಇಟ್ಟುಕೊಳ್ಳಿ. ಬೆಳಿಗ್ಗೆ, ಸಂಜೆ ಓಡಿಸಲೇಬೇಕು. ಕಟ್ಟಿಹಾಕಿದರೆ ಕೊರಗಿ ಹಾಳಾಗುತ್ತದೆ. ಪಕ್ಕೆಲುಬು ಕಾಣುತ್ತದೆ ಅಂತ ತಿನ್ನಿಸಿ ದಪ್ಪ ಮಾಡಬೇಡಿ, ಅದರ ಮೈಯೇ ಹಾಗೆ.

ತಿಪಟೂರು ತೋಟ:
ಬಸ್ಸಿನ ಮರಿ ಬೇಡ ಅಂತ ಈಗಷ್ಟೇ ಫೋನ್ ಮಾಡಿ ಹೇಳಿದೆ. ಕಾಯಿ ಕೊಯ್ಲು ಮುಗಿದ ಮೇಲೆ ಬೇಲಿ ಕೆಲಸ ಹಿಡಿಸುತ್ತೇನೆ. ಅದು ಮುಗಿಯಲಿ, ತಿಮ್ಮಾಪುರಕ್ಕೂ ಲೋಕಾಪುರಕ್ಕೂ ಮಗಳನ್ನು ಕರೆದುಕೊಂಡು ಬರುತ್ತೇನೆ. ಮರಿಯ ತಾಯಿಯನ್ನು ತೋರಿಸುತ್ತೀರಾ?

ಲೋಕಾಪುರ ರೈತ:
ತಾಯಿಯನ್ನೂ ತೋರಿಸುತ್ತೇನೆ, ಅಜ್ಜಿಯನ್ನೂ ತೋರಿಸುತ್ತೇನೆ. ಬೆಳಿಗ್ಗೆ ಏಳರೊಳಗೆ ಬನ್ನಿ. ಆ ಹೊತ್ತಿಗೆ ಹೊಲದಲ್ಲಿ ಬಿಟ್ಟಿರುತ್ತೇವೆ, ಮಗಳು ಓಟ ನೋಡಲಿ.